ಬಿಪಿ ಮಷೀನು ‘ಲೋ’ ಅಂದಾಗ

“ಇವತ್ತಿಗೆ ಮುಗೀತು. ಇನ್ನ ಮ್ಯಾಲೆ ಈ ಮನಿಯಾಗ ಶೆಲ್ ಇಲ್ಲ ಅನ್ನೋ ಮಾತು ಬಂದ್ರ ನನ್ನನ್ನ ಕೇಳ್ರಿ,” ಎಂದು ಹೊನ್ನೂರುಸ್ವಾಮಿ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಸಾರಿದ. ಆಗ ಅವನ ಒಂದು ಕೈಯಲ್ಲಿ ಟೀವಿ ರಿಮೋಟು, ಇನ್ನೊಂದು ಕೈಯಲ್ಲಿ ಅದರ ಬೆನ್ನಿನ ಮುಚ್ಚಳ ಇತ್ತು. ನಡುವೆ ಇರಬೇಕಾದ ಎರಡು ಶೆಲ್ಲು ಇರಲಿಲ್ಲ.

ಹೊಸಪೇಟೆಯ ಆ ಮನೆಯಲ್ಲಿ ಶೆಲ್ಲುಗಳು ಒಂದು ಕಡೆ ನಿಂತ ಉದಾಹರಣೆಯೇ ಇಲ್ಲ. ರಿಮೋಟಿನವು ಅಡುಗೆಮನೆಯ ತಕ್ಕಡಿಗೆ ವಲಸೆ ಹೋಗಿದ್ದವು. ಹೆಂಡತಿ ಗಾಯತ್ರಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಕಾಲು ಕಿಲೋ ಎಂದರೆ ಕಾಲು ಕಿಲೋ ತೂಗಬೇಕು. ಟಾರ್ಚಿನವು ಮಗಳು ಪೂಜಿತಾಳ ಕಂಪ್ಯೂಟರಿನ ಮೌಸಿನೊಳಗೆ ಕೂತಿದ್ದವು. ಅವ್ವನ ಬಿಪಿ ಮಷೀನಿನ ಗತಿಯಂತೂ ಕೇಳುವುದೇ ಬೇಡ. ಅದರ ನಾಲ್ಕು ಶೆಲ್ಲುಗಳಲ್ಲಿ ಎರಡು ಟಾರ್ಚಿಗೆ, ಒಂದು ಗೋಡೆ ಗಡಿಯಾರಕ್ಕೆ ಹೋಗಿ, ಉಳಿದೊಂದು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು.

ಹೊನ್ನೂರುಸ್ವಾಮಿಗೆ ಸಿಟ್ಟು ಬಂದಿದ್ದು ಶೆಲ್ಲಿಗಲ್ಲ, ಅವಮಾನಕ್ಕೆ. ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಕಲ್ ಫೋರ್‌ಮನ್. ಅವನು ಬೆರಳೆತ್ತಿದರೆ ಮನೆಯಷ್ಟು ದೊಡ್ಡ ಮೋಟಾರು ತಿರುಗುತ್ತದೆ, ಬೆರಳಿಳಿಸಿದರೆ ನಿಲ್ಲುತ್ತದೆ. ಅಂಥವನ ಮನೆಯಲ್ಲಿ ಒಂದು ರಿಮೋಟು ಅವನ ಮಾತು ಕೇಳುವುದಿಲ್ಲವೆಂದರೆ!

ಮಧ್ಯಾಹ್ನದೊಳಗೆ ಅವನು ಮನೆಯ ಶೆಲ್ ಗಣತಿ ಮುಗಿಸಿದ. ಒಟ್ಟು ಹದಿನಾರು ಬೇಕು. ಚಾರ್ಜ್ ಮಾಡುವ ಶೆಲ್ಲು, ಜೊತೆಗೊಂದು ಚಾರ್ಜರು. ಒಮ್ಮೆ ತಂದರೆ ಪೂಜಿತಾಳ ಮದುವೆಯವರೆಗೂ ಚಿಂತೆಯಿಲ್ಲ ಎಂದ. ಪಿಯುಸಿ ಓದುತ್ತಿದ್ದ ಪೂಜಿತಾ, ತನ್ನ ಮದುವೆಗೂ ಮೌಸಿಗೂ ಏನು ಸಂಬಂಧ ಎಂದು ಕೇಳಿ ಬೈಸಿಕೊಂಡಳು. ಬಸ್ ಸ್ಟ್ಯಾಂಡ್ ಹತ್ತಿರ ಲಿಂಗರಾಜನ ಕರೆಂಟು ಸಾಮಾನಿನ ಅಂಗಡಿ ಇದೆಯಲ್ಲ, ಅವನನ್ನು ಒಂದು ಮಾತು ಕೇಳಿ ಎಂದಳು ಗಾಯತ್ರಿ.

ಲಿಂಗರಾಜ ಐಟಿಐಯಲ್ಲಿ ಹೊನ್ನೂರುಸ್ವಾಮಿಯ ಜೊತೆ ಓದಿದವನು. ಇವನ ಪ್ರಾಕ್ಟಿಕಲ್ ಪುಸ್ತಕ ನೋಡಿ ಬರೆದು ಪಾಸಾದವನು. ಅಂಗಡಿಗೆ ಬಂದ ಗೆಳೆಯನಿಗೆ ಅವನು ಚಹಾ ತರಿಸಿ, ಎರಡು ಸಾವಿರ ಎಂಎಎಚ್ ಎಂದು ಬರೆದಿದ್ದ ಒಂದು ಪ್ಯಾಕನ್ನು ಮುಂದಿಟ್ಟ. ಶೆಲ್ಲು ಎಷ್ಟು ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದಕ್ಕೆ ಆ ಅಂಕಿ. ಚಾರ್ಜರು ನಿಧಾನದ್ದೇ ಇರಲಿ, ನಾಲ್ಕು ಶೆಲ್ಲಿಗೂ ನಾಲ್ಕು ಬೇರೆ ಬೇರೆ ಲೈಟು ಇರುವುದನ್ನು ತಗೋ, ಯಾವುದು ತುಂಬಿತು ಎಂದು ಗೊತ್ತಾಗುತ್ತದೆ ಎಂದ. ಹೊನ್ನೂರುಸ್ವಾಮಿ ಮೊಬೈಲು ತೆಗೆದು ತೋರಿಸಿದ. ಆನ್‌ಲೈನಿನಲ್ಲಿ ನಾಲ್ಕು ಸಾವಿರದ ಆರುನೂರು ಎಂಎಎಚ್ ಶೆಲ್ಲು ಇತ್ತು, ಬಂಗಾರದ ಬಣ್ಣದ್ದು. ಚಾರ್ಜರು ಒಂದೇ ಗಂಟೆಯಲ್ಲಿ ತುಂಬಿಸುವಂಥದ್ದು. ರೇಟು ಲಿಂಗರಾಜ ಹೇಳಿದ್ದರ ಅರ್ಧ.

“ಈ ಸೈಜಿನ ಶೆಲ್ಲಿನಾಗ ಅಷ್ಟು ಹಿಡ್ಯಂಗಿಲ್ಲಲೇ ಸ್ವಾಮಿ. ಅದು ಲೇಬಲ್ ಮ್ಯಾಲೆ ಇರತೈತಿ, ಒಳಗ ಇರಂಗಿಲ್ಲ,” ಎಂದ ಲಿಂಗರಾಜ.

“ನೀ ನನಗ ಕರೆಂಟ್ ಕಲಿಸ್ತೀಯೇನಲೇ?”

ಅರ್ಧ ಚಹಾ ಅಲ್ಲೇ ಬಿಟ್ಟು ಹೊನ್ನೂರುಸ್ವಾಮಿ ಎದ್ದು ಬಂದ. ಅಂಗಡಿಯ ಮೆಟ್ಟಿಲಿನ ಮೇಲೆ ನಿಂತೇ ಆರ್ಡರ್ ಹಾಕಿದ, ಲಿಂಗರಾಜನಿಗೆ ಕಾಣುವ ಹಾಗೆ.

ಪಾರ್ಸೆಲ್ಲು ಬಂದ ದಿನ ಮನೆಯಲ್ಲಿ ಸಣ್ಣದೊಂದು ಉತ್ಸವವೇ ಆಯಿತು. ಅವ್ವ ಮುದುಕಮ್ಮ ಚಾರ್ಜರಿಗೆ ಕುಂಕುಮ ಹಚ್ಚಿದಳು. ಅದರಲ್ಲಿ ನಾಲ್ಕು ಶೆಲ್ಲಿಗೂ ಸೇರಿ ಒಂದೇ ಲೈಟು. ಒಂದು ಗಂಟೆಗೆ ಸರಿಯಾಗಿ ಕೆಂಪು ಹೋಗಿ ಹಸಿರಾಯಿತು. ಶೆಲ್ಲುಗಳು ಆಗ ತಾನೇ ಹಂಚಿನಿಂದ ಇಳಿದ ರೊಟ್ಟಿಯ ಹಾಗೆ ಸುಡುತ್ತಿದ್ದವು. ಅದು ಶಕ್ತಿಯ ಲಕ್ಷಣ ಎಂದು ಅವನು ವಿವರಿಸಿದ. ಮನೆಯಲ್ಲಿದ್ದ ಹಳೆಯ ಶೆಲ್ಲುಗಳನ್ನೆಲ್ಲ, ಇನ್ನೂ ಜೀವ ಇದ್ದವನ್ನೂ ಬಿಡದೆ, ನಗರಸಭೆಯ ಕಸದ ಗಾಡಿಗೆ ಸುರಿದುಬಂದ. ಬಿಪಿ ಮಷೀನಿಗಾದರೂ ನಾಲ್ಕು ಇರಲಿ ಎಂದು ಗಾಯತ್ರಿ ಅಂದಿದ್ದಕ್ಕೆ, ಕಟ್ಟಿಕೊಂಡ ಹೆಂಡತಿಗೇ ನಂಬಿಕೆಯಿಲ್ಲವೆಂದರೆ ಊರಿಗೆಲ್ಲಿ ಇರುತ್ತದೆ ಎಂದು ಅರ್ಧ ಗಂಟೆ ಕೂಗಾಡಿದ.

ನಾಲ್ಕು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಐದನೆಯ ದಿನ ಟಾರ್ಚು ಮಿಂಚುಹುಳದಷ್ಟಾಯಿತು. ಆರನೆಯ ದಿನ ಗೋಡೆ ಗಡಿಯಾರ ಇಪ್ಪತ್ತು ನಿಮಿಷ ಹಿಂದೆ ಬಿದ್ದು, ಹೊನ್ನೂರುಸ್ವಾಮಿ ಬೀದಿ ತುದಿ ಮುಟ್ಟುವಷ್ಟರಲ್ಲಿ ಕಂಪನಿ ಬಸ್ಸು ಹೋಗಿಯೇಬಿಟ್ಟಿತ್ತು. ಖಾಸಗಿ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ತೋರಣಗಲ್ಲಿನ ತನಕ ಹಲ್ಲು ಕಡಿಯುತ್ತಾ ಹೋದ. ಸಂಜೆ ಬಂದವನೇ, ಶೆಲ್ಲುಗಳನ್ನು ತಿರುವುಮುರುವು ಹಾಕಿ ಚಾರ್ಜ್ ಮಾಡಿದ್ದು ಯಾರು ಎಂದು ವಿಚಾರಣೆಗೆ ಕೂತ. ಯಾರೂ ಮಾಡಿರಲಿಲ್ಲ. ಆದರೂ ಅಪರಾಧ ಗಾಯತ್ರಿಯದೇ ಎಂದು ತೀರ್ಮಾನವಾಯಿತು. ಯಾವ ಶೆಲ್ಲು ಯಾವ ದಿನ ಚಾರ್ಜಿಗೆ ಹೋಗಬೇಕು ಎಂಬ ಪಟ್ಟಿಯೊಂದು ಫ್ರಿಜ್ಜಿನ ಬಾಗಿಲ ಮೇಲೆ ಬಂತು. ಗಾಯತ್ರಿ ಮಾತು ಬಿಟ್ಟಳು. ಚಟ್ನಿಪುಡಿಯನ್ನು ಲೋಟದಲ್ಲಿ ಅಳೆದು ಪ್ಯಾಕ್ ಮಾಡತೊಡಗಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವ್ವ ತಲೆ ತಿರುಗುತ್ತಿದೆ ಎಂದಳು.

ಮುದುಕಮ್ಮನಿಗೆ ಎಪ್ಪತ್ನಾಲ್ಕು ವರ್ಷ. ಅವಳ ಬಿಪಿ ಯಾವತ್ತೂ ಮೇಲೆಯೇ. ಹಾಗಾಗಿ ಎರಡು ವರ್ಷದಿಂದ ಅವಳ ಸಾರಿಗೆ ಉಪ್ಪು ಚಿಟಿಕೆ ಲೆಕ್ಕ, ಉಪ್ಪಿನಕಾಯಿ ಪೂರ್ತಿ ಬಂದ್. ಹೊನ್ನೂರುಸ್ವಾಮಿ ಮಷೀನು ತಂದು ಅವಳ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದ. ಮಷೀನು ನರಳಿತು, ಪಟ್ಟಿ ಅರ್ಧ ಉಬ್ಬಿ ಉಸ್ಸೆಂದು ಇಳಿಯಿತು. ಪರದೆಯ ಮೇಲೆ ಅಂಕಿಗಳ ಬದಲು ಇಂಗ್ಲಿಷಿನ ಎರಡೇ ಅಕ್ಷರ ಮೂಡಿದವು. ಎಲ್, ಓ. ಅವನು ಮತ್ತೆ ಒತ್ತಿದ. ಮಷೀನು ಮತ್ತೆ ಅವನ ಮುಖ ನೋಡಿ ‘ಲೋ’ ಅಂದಿತು.

“ಲೋ ಬಿಪಿ ಆಗೈತಿ ಅವ್ವಂಗ,” ಎಂದು ಅವನು ಒದರಿದ.

ಗಾಯತ್ರಿ ಅಡುಗೆಮನೆಯಿಂದ ಓಡಿ ಬಂದಳು. ಮಾತು ಬಿಟ್ಟ ಮೇಲೆ ಮೊದಲ ಸಲ ಬಾಯಿ ತೆರೆದಳು. “ರೀ, ಅತ್ತೀದು ಯಾವತ್ತೂ ಹೈ ಇರತೈತಿ. ಕನ್ನಡಕ ಹಾಕ್ಕೊಂಡು ಇನ್ನೊಮ್ಮೆ ನೋಡ್ರಿ.”

ಇಪ್ಪತ್ತೆರಡು ವರ್ಷ ಮೀಟರು ಓದಿದವನಿಗೆ ಕನ್ನಡಕ ಹಾಕಿಕೋ ಎನ್ನುವುದೇ? ಅವನ ಸಿಟ್ಟು ನೆತ್ತಿಗೇರಿತು. ಉಪ್ಪಿಲ್ಲದ ಸಪ್ಪೆ ಸಾರು ಉಣಿಸಿ ಉಣಿಸಿ ಅವ್ವನನ್ನು ಈ ಗತಿಗೆ ತಂದವಳು ನೀನೇ ಎಂದ. ಬಿಪಿ ಇಳಿಸುವ ಬೆಳಗಿನ ಗುಳಿಗೆಯನ್ನು ಅವ್ವನ ಕೈಯಿಂದ ಕಸಿದುಕೊಂಡು ಜೇಬಿಗೆ ಹಾಕಿದ. ತಾನೇ ಅಡುಗೆಮನೆಗೆ ನುಗ್ಗಿ ಎರಡು ಲೋಟ ನಿಂಬೆ ಪಾನಕಕ್ಕೆ ಕೈ ತುಂಬ ಉಪ್ಪು ಹಾಕಿ ಕಲಸಿ ತಂದ. ಅವ್ವ ಒಂದೇ ಉಸಿರಿಗೆ ಕುಡಿದಳು. ಪಟ್ಟಿ ಸುತ್ತಿದ. ಲೋ.

ಮಾವಿನ ಉಪ್ಪಿನಕಾಯಿಯ ಭರಣಿ ಅಟ್ಟದಿಂದ ಇಳಿಯಿತು. ಅವ್ವ ನಾಲ್ಕು ಹೋಳು ತಿಂದು ಬೆರಳು ನೆಕ್ಕಿದಳು. ಲೋ.

ಅವನು ಬೈಕು ಹತ್ತಿ ಹೋಗಿ ಗಾಡಿ ಅಂಗಡಿಯಿಂದ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮುದುಕಮ್ಮ ಒಂದೊಂದೇ ಭಜಿಯನ್ನು ತೊಟ್ಟು ಹಿಡಿದೆತ್ತಿ, ಕಣ್ಣು ಮುಚ್ಚಿ ಕಚ್ಚುತ್ತಿದ್ದಳು. ಮೂರು ಮುಗಿದಾಗ ಮಗ ಮತ್ತೆ ಪಟ್ಟಿ ಸುತ್ತಿದ. ಇನ್ನೂ ಏರಿಲ್ಲವಲ್ಲ ಎಂದು ಮಷೀನನ್ನು ಬೆಳಕಿಗೆ ಹಿಡಿದ.

“ಅದು ಹಂಗ ಜಲ್ದಿ ಏರಂಗಿಲ್ಲಪ್ಪ,” ಎಂದಳು ಅವ್ವ. “ಇನ್ನೊಂದು ಪ್ಲೇಟ್ ತಂದು ನೋಡು.”

ಅವನು ತಂದ.

ಮಧ್ಯಾಹ್ನ ಎರಡಕ್ಕೆ ಅವ್ವನ ಮುಖ ಕೆಂಪೇರಿತು. ಹಿಂದಲೆ ಸಿಡಿಯುತ್ತಿದೆ ಎಂದು ಮೆಲ್ಲಗೆ ಹೇಳಿ, ತಟ್ಟೆಯನ್ನು ತಾನೇ ದೂರ ಸರಿಸಿದಳು. ಹಾಗೆ ತಟ್ಟೆ ಸರಿಸುವವಳಲ್ಲ ಅವಳು. ಅದನ್ನು ನೋಡಿ ಹೊನ್ನೂರುಸ್ವಾಮಿ ಬೀದಿಗೆ ಓಡಿದ. ಆಟೊ ತರಿಸಿ, ಅವ್ವನನ್ನೂ ಗಾಯತ್ರಿಯನ್ನೂ ಕೂರಿಸಿಕೊಂಡು, ಮಷೀನನ್ನು ಸಾಕ್ಷಿಗೆಂದು ಎದೆಗವಚಿಕೊಂಡು ಆಸ್ಪತ್ರೆಗೆ ಹೋದ.

ಅಲ್ಲಿದ್ದವಳು ಕಾವ್ಯ ಎಂಬ ಸಣ್ಣ ವಯಸ್ಸಿನ ಡಾಕ್ಟರು. ತನ್ನ ಮಷೀನಿನಲ್ಲಿ ನೋಡಿದಳು. ನೂರ ತೊಂಬತ್ತಾರಕ್ಕೆ ನೂರಾ ನಾಲ್ಕು. ನರ್ಸನ್ನು ಕರೆದು ಏನೋ ಗುಳಿಗೆ ಕೊಡಿಸಿ, ಬೆಳಗಿನಿಂದ ಏನೇನು ತಿಂದಿದ್ದಾರೆ ಎಂದು ಕೇಳಿದಳು. ಹೊನ್ನೂರುಸ್ವಾಮಿ ಹೇಳುತ್ತಾ ಹೋದ. ಭಜಿಯ ಎರಡನೆಯ ಪ್ಲೇಟಿಗೆ ಬಂದಾಗ ಡಾಕ್ಟರು ಪೆನ್ನು ಕೆಳಗಿಟ್ಟಳು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ಅವನು ಮಷೀನನ್ನು ಮೇಜಿನ ಮೇಲಿಟ್ಟು, ಬೆಳಗಿನಿಂದ ಆರು ಸಲ ನೋಡಿದ್ದೇನೆ ಮೇಡಂ, ಆರೂ ಸಲ ಲೋ ಎಂದ.

ಡಾಕ್ಟರು ಅದರ ಪಟ್ಟಿಯನ್ನು ಅವನ ತೋಳಿಗೇ ಸುತ್ತಿ ಗುಂಡಿ ಒತ್ತಿದಳು. ಲೋ. ಆಮೇಲೆ ತನ್ನ ತೋಳಿಗೆ ಸುತ್ತಿಕೊಂಡಳು. ಲೋ. ಕೊನೆಗೆ ಮೇಜಿನ ಮೇಲಿದ್ದ ನೀರಿನ ಬಾಟಲಿಗೆ ಸುತ್ತಿದಳು. ಬಾಟಲಿಗೂ ಲೋ ಬಿಪಿ ಇತ್ತು.

“ಮೂಲ್ಯಾಗ ಸಣ್ಣದೊಂದು ಗುರುತು ಕಾಣ್ತದಲ್ರಿ? ಅದು ಶೆಲ್ಲಿನ ಚಿತ್ರ. ಲೋ ಆಗಿರೋದು ಶೆಲ್ಲು, ನಿಮ್ಮವ್ವ ಅಲ್ಲ,” ಎಂದಳು. ಆಮೇಲೆ, ತಿಳಿದುಕೊಳ್ಳುವ ಆಸೆಯಿಂದಲೋ ಏನೋ, “ನೀವು ಏನು ಕೆಲಸ ಮಾಡ್ತೀರಿ ಸರ್?” ಎಂದು ಕೇಳಿದಳು.

ಅವನು ನೆಲ ನೋಡುತ್ತಾ ಫ್ಯಾಕ್ಟರಿಯಲ್ಲಿ ಎಂದಷ್ಟೇ ಹೇಳಿ ಸುಮ್ಮನಾಗುವವನಿದ್ದ. ಆದರೆ ಒಳಗಿನ ಮಂಚದಿಂದ ಅವ್ವನ ದನಿ ಬಂತು. “ಕರೆಂಟಿನ ಫೋರ್‌ಮನ್ ಅದಾನ ರೀ. ಮನಿ ಕರೆಂಟಲ್ಲ, ಹನ್ನೊಂದು ಸಾವಿರ ವೋಲ್ಟಿಂದು.”

ಗಾಯತ್ರಿ ಬಾಯಿಗೆ ಸೆರಗು ಹಿಡಿದು ಗೋಡೆಯ ಕಡೆ ತಿರುಗಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆಯವರೆಗೂ ಅವ್ವನ ಕಾಲ ಬಳಿ ಸ್ಟೂಲು ಹಾಕಿಕೊಂಡು ಕೂತ. ಇಷ್ಟು ದಿನ ಲಿಂಗರಾಜನ ಮೇಲೆ, ಹೆಂಡತಿಯ ಮೇಲೆ, ಬಸ್ಸಿನ ಮೇಲೆ ಹಾರಾಡಿದ್ದ ಸಿಟ್ಟೆಲ್ಲ ಈಗ ಹೋಗಲು ಜಾಗವಿಲ್ಲದೆ ತಿರುಗಿ ಅವನ ಮೇಲೆಯೇ ಬಂದು ಕೂತಿತ್ತು. ಬಿಪಿ ಇಳಿಯಿತು, ಇನ್ನು ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದಾಗ ಅವನ ಕಣ್ಣು ಒದ್ದೆಯಾಗಿದ್ದವು.

ದಾರಿಯಲ್ಲಿ ಆಟೊ ನಿಲ್ಲಿಸಿ ಲಿಂಗರಾಜನ ಅಂಗಡಿಯ ಮೆಟ್ಟಿಲು ಹತ್ತಿದ. ಲಿಂಗರಾಜ ನಗುತ್ತಾನೆ ಎಂದುಕೊಂಡಿದ್ದ, ಅವನು ನಗಲಿಲ್ಲ. ಮಷೀನಿನೊಳಗಿನ ಒಂದು ಬಂಗಾರದ ಶೆಲ್ಲು ತೆಗೆದು ಅಂಗೈಯಲ್ಲಿ ತೂಗಿ ನೋಡಿ, ಭಾಳ ಹಗುರ ಐತಿ, ಇದರಲ್ಲಿ ಐನೂರು ಎಂಎಎಚ್ ಹಿಡಿದರೆ ಹೆಚ್ಚು ಎಂದ. ದಿನಾ ಕರೆಂಟು ತಿನ್ನುವ ಟಾರ್ಚಿಗೆ, ಮೌಸಿಗೆ ಮಾತ್ರ ಚಾರ್ಜಿನ ಶೆಲ್ಲು ಹಾಕು. ವರ್ಷಗಟ್ಟಲೆ ಚೂರುಚೂರು ತಿನ್ನುವ ಗಡಿಯಾರ, ರಿಮೋಟಿಗೆ ಸಾದಾ ಶೆಲ್ಲೇ ಸಾಕು. ಅವ್ವನ ಮಷೀನಿಗೂ ಸಾದಾದ್ದೇ ಹಾಕು, ಅದರ ಶೆಲ್ಲಿಗೆ ಇನ್ಯಾರೂ ಕೈ ಹಚ್ಚಬಾರದು ಎಂದು ಹೇಳಿಕೊಟ್ಟ. ಹೊನ್ನೂರುಸ್ವಾಮಿ ಶಾಲೆ ಹುಡುಗನ ಹಾಗೆ ತಲೆಯಾಡಿಸಿದ. ಈ ಸಲ ಚಹಾ ಪೂರ್ತಿ ಕುಡಿದ.

ಮನೆಗೆ ಬಂದು ಹೊಸ ಶೆಲ್ಲು ಹಾಕಿ, ಕನ್ನಡಕವನ್ನೂ ಹಾಕಿಕೊಂಡು ನೋಡಿದ. ನೂರ ಮೂವತ್ತೆಂಟು. ಗಾಯತ್ರಿಗೆ ತೋರಿಸಿದ. ಅವಳು ನೋಡಿ, ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದಳು. ಹೋಗುವಾಗ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತುಕೊಂಡು ಹೋದಳು.

ಕೆಟ್ಟ ಶೆಲ್ಲುಗಳನ್ನು ಒಟ್ಟು ಮಾಡಿ ತಂದುಕೊಟ್ಟರೆ ಮರುಬಳಕೆಗೆ ಕಳಿಸುತ್ತೇನೆ ಎಂದಿದ್ದ ಲಿಂಗರಾಜ. ಮರುದಿನ ಸಂಜೆ ಹೊನ್ನೂರುಸ್ವಾಮಿ ಮನೆಯನ್ನೆಲ್ಲ ಜಾಲಾಡಿದ. ಹನ್ನೆರಡು ಸಿಕ್ಕವು. ಬಿಪಿ ಮಷೀನಿನಿಂದ ತೆಗೆದಿಟ್ಟಿದ್ದ ನಾಲ್ಕು ಮಾತ್ರ ಎಲ್ಲೂ ಇಲ್ಲ. ಮಂಚದ ಕೆಳಗೆ, ಮೌಸಿನೊಳಗೆ, ತಕ್ಕಡಿಯೊಳಗೆ ಎಲ್ಲ ಹುಡುಕಿ ಸೋತು ಕೂತಾಗ, ಪೂಜಿತಾ ಅಜ್ಜಿಯ ಎಲೆ-ಅಡಿಕೆ ಚೀಲದ ಕಡೆ ಬೆರಳು ತೋರಿಸಿದಳು. ಬಿಚ್ಚಿ ನೋಡಿದರೆ ಸುಣ್ಣದ ಡಬ್ಬಿಯ ಪಕ್ಕ, ಕರವಸ್ತ್ರದಲ್ಲಿ ಗಂಟು ಕಟ್ಟಿ, ನಾಲ್ಕೂ ಬಂಗಾರದ ಶೆಲ್ಲುಗಳು ಬೆಚ್ಚಗೆ ಮಲಗಿದ್ದವು.

“ಇವನ್ಯಾಕ ಇಟ್ಕೊಂಡೀಯವ್ವಾ? ಕೆಟ್ಟವು ಇವು.”

ಮುದುಕಮ್ಮ ಗಂಟನ್ನು ಮಗನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಚೀಲಕ್ಕೆ ಸೇರಿಸಿದಳು.

“ಇರ್ಲಿ ಬಿಡಪ್ಪ. ದಿನಾ ಬ್ಯಾಡ, ಅಮಾಸಿಗೊಮ್ಮೆ ಮಷೀನಿಗೆ ಹಾಕಿದ್ರ ಸಾಕು.”