ಅರ್ಧದ ವರ್ಗ ಕಾಲು

ಮಾನ್ಯ ಓದುಗರೇ,

ಮೊಟ್ಟಮೊದಲಿಗೆ, ನನ್ನ ಕಾಗುಣಿತವನ್ನೂ ಕೋಳಿ ಕೆದರಿದಂತಹ ಕೈಬರಹವನ್ನೂ ತಾವು ದಯಮಾಡಿ ಮನ್ನಿಸಬೇಕೆಂದು ಬೇಡುತ್ತೇನೆ. ಇದಕ್ಕೂ ಮುನ್ನ ನಾನು ಬರೆದಿರುವುದು ರಜೆ ಅರ್ಜಿಗಳನ್ನು ಮಾತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸವಿನಯ ಅರಿಕೆ ಏನೆಂದರೆ, ನನ್ನ ಮದುವೆ ಎರಡು ಬಾರಿ ತಪ್ಪಿಹೋದುದಕ್ಕೆ ಜಾತಕವಾಗಲಿ ನನ್ನ ಬಣ್ಣವಾಗಲಿ ಕಾರಣವಲ್ಲ. ಪ್ರೌಢಶಾಲೆಯ ಗಣಿತ ಕಾರಣ! ಅದನ್ನು ನಮ್ಮ ಮನೆಯ ನಡುಮನೆಗೆ ಹೊತ್ತು ತಂದವರು ನನ್ನ ಸೋದರಮಾವ.

ಸದರಿಯವರು ಹಳೇಬೀಡಿನಲ್ಲಿ ನೆಲೆಸಿರುವ ನಿವೃತ್ತ ಗಣಿತ ಶಿಕ್ಷಕರು. ಯಾವ ಸಂಖ್ಯೆ ಕಿವಿಗೆ ಬಿದ್ದರೂ ಅದನ್ನು ಅದರಿಂದಲೇ ಗುಣಿಸಿ, ವರ್ಗ ಮಾಡಿಯೇ ತೀರುವರು. ಒಮ್ಮೆ ಗಂಡಸಿ ಗ್ರಾಮದ ನಮ್ಮ ತೋಟದಲ್ಲಿ ತಂದೆಯವರು ಗಿಡದಿಂದ ಗಿಡಕ್ಕಿರುವ ಅಂತರವನ್ನು ಅರ್ಧಕ್ಕಿಳಿಸಿ, ಎರಡರಷ್ಟು ತೆಂಗಿನ ಸಸಿ ತರಿಸಿದರು. ನೆಟ್ಟು ಮುಗಿಸಿ ನೋಡಿದರೆ, ತೆಗೆದ ಗುಂಡಿಗಳಲ್ಲಿ ಅರ್ಧದಷ್ಟು ಬಾಯಿ ತೆರೆದುಕೊಂಡು ಖಾಲಿ!

“ಅಲ್ರೀ ಭಾವ, ಉದ್ದಕ್ಕೂ ಅರ್ಧ, ಅಗಲಕ್ಕೂ ಅರ್ಧ. ಅರ್ಧದ ವರ್ಗ ಕಾಲು! ಒಂದು ಮರದ ಜಾಗದಾಗೆ ನಾಲ್ಕು ಗುಂಡಿ ಕುಂತವೆ. ಮಿಕ್ಕಿದ್ರಲ್ಲಿ ಏನಿಡ್ತೀರಾ, ನನ್ನನ್ನಾ?”

“ಇಟ್ಟು ಮಣ್ಣೆಳೀತೀನಿ, ಬಾರಯ್ಯ!” ಎಂದರು ತಂದೆಯವರು.

ಗುಂಡಿಯ ಮಟ್ಟಿಗೆ ಈ ವಿದ್ಯೆ ಸರಿಯೇ. ಆದರೆ ಹೆಣ್ಣು ನೋಡುವ ಶಾಸ್ತ್ರಕ್ಕೆ? ಮೂವತ್ಮೂರು ದಾಟಿದ ನನ್ನನ್ನು ನೋಡಲು ಬಾಣಾವರದಿಂದ ಬಂದ ವರ ಉಪ್ಪಿಟ್ಟು ಮುಗಿಸುವಷ್ಟರಲ್ಲಿ ಮಾವ ಕೇಳಿಯೇಬಿಟ್ಟರು: “ಪೂರ್ತಿ ಒಪ್ಪಿಗೆ ಅಂದ್ರೆ ಒಂದು. ನಿಮ್ದೆಷ್ಟು?”

“ಈಗೊಂದು... ಅರ್ಧ ಅನ್ಕೊಳಿ. ಆಮೇಲೆ ಬೆಳೀತದೆ.”

“ಎಲ್ಲಿಂದ ಬೆಳೀತದ್ರೀ? ಒಂದಕ್ಕಿಂತ ಕಮ್ಮಿ ಇರೋದು ವರ್ಗ ಆದಂಗೆಲ್ಲ ಕರಗ್ತದೆ. ಅರ್ಧ ಹೋಗಿ ಕಾಲು, ಕಾಲು ಹೋಗಿ ವೀಸ, ಹದಿನಾರರಾಗೆ ಒಂದು ಪಾಲು!”

ಬಾಣಾವರದವರು ಕಾಫಿಗೂ ಕಾಯಲಿಲ್ಲ.

ಬೇಲೂರಿನಿಂದ ಬಂದ ಎರಡನೆಯವರು ಎಲ್ಲವನ್ನೂ ವಿಚಾರಿಸಿಕೊಂಡೇ ಬಂದಿದ್ದರು. ಎದೆಯುಬ್ಬಿಸಿ, “ನಂದು ಎರಡು!” ಎಂದರು.

“ಒಂದು ದಾಟಿದ್ರೆ ಉಬ್ಬರಿಸ್ತದೆ ಕಣ್ರೀ! ಎರಡು ನಾಲ್ಕಾಯ್ತದೆ, ನಾಲ್ಕು ಹದಿನಾರು, ಹದಿನಾರು ಇನ್ನೂರೈವತ್ತಾರು! ಅಷ್ಟು ಪ್ರೀತಿ ತುಂಬೋಕೆ ನಮ್ ಕೊಬ್ಬರಿ ಅಟ್ಟಾನೂ ಸಾಲಲ್ಲ!”

ಅವರೂ ಎದ್ದರು. ನಾನು ತಟ್ಟೆಗಳನ್ನು ತೊಳೆದೆ. ಅಳುವುದಕ್ಕೆ ಬಚ್ಚಲುಮನೆಯೇ ಅತ್ಯಂತ ಸೂಕ್ತವಾದ ಸ್ಥಳವೆಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ.

ಬರುವ ಭಾನುವಾರ ಮೂರನೆಯವರು ಬರಲಿದ್ದಾರೆ. ಇದೇ ಕಡೆಯದೆಂದು ತಾಯಿಯವರು ಘೋಷಿಸಿರುತ್ತಾರೆ. “ನಿಮ್ಮಾವ ಹೊಸ್ಲು ತುಳೀಬಾರ್ದು. ನೀನೇ ಹೋಗಿ ಹೇಳ್ಬಿಟ್ಟು ಬಾ” ಎಂದು ನನ್ನನ್ನೇ ಅಟ್ಟಿದರು. ನಾನು ಹಳೇಬೀಡಿಗೆ ಹೋಗಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ವಾಕ್ಯವನ್ನು ತಲೆ ತಗ್ಗಿಸಿ ಒಪ್ಪಿಸಿದೆ.

ಅತ್ತೆ ಎರಡು ಲೋಟ ಕಾಫಿ ತಂದಿಟ್ಟು, ಮಾವನ ಮುಖ ನೋಡದೆ ಒಳಹೋದರು. ಅವರಿಬ್ಬರೂ ಪರಸ್ಪರ ಮಾತನಾಡಿದ್ದನ್ನು ನಾನೆಂದೂ ಕೇಳಿಲ್ಲ. ಮಾವ ಆ ಬಾಗಿಲನ್ನೇ ನೋಡುತ್ತಾ ಹೇಳಿದರು:

“ಅವಳನ್ನ ನೋಡೋಕೆ ಹಗರೆಗೆ ಹೋಗಿದ್ದಾಗ ‘ಮುಕ್ಕಾಲು ಒಪ್ಪಿಗೆ’ ಅಂದಿದ್ದೆ ಕಣವ್ವಾ. ಬಾಗ್ಲ ಹಿಂದೆ ನಿಂತು ಕೇಳಿಸ್ಕೊಂಡಿದ್ಳು. ಅವಳೂ ಅಷ್ಟೇ ಕೊಟ್ಳು. ಗುಣಿಸಿದ್ರೆ ಹೆಚ್ಚಾಯ್ತದೆ ಅನ್ಕೊಂಡಿದ್ದೆ, ಲೆಕ್ಕದ ಮೇಷ್ಟ್ರು ನಾನು! ಕರಗ್ತಾನೇ ಹೋಯ್ತು.” ಅವರ ಧ್ವನಿ ಕುಗ್ಗಿತು. “ಆಗ್ಲಿ, ಬರಲ್ಲ ಬಿಡು. ಆದ್ರೆ ನಿಂದೆಷ್ಟು ಅಂತ ನಿನ್ನೂ ಯಾರಾದ್ರೂ ಕೇಳ್ಲಿ.”

ಬಾಯಿಪಾಠ ಮಾಡಿದ್ದ ವಾಕ್ಯ ಮುಗಿದುಹೋಗಿತ್ತು. ಮುಂದಿನದನ್ನು ನಾನೇ ಹೇಳಬೇಕಾಯಿತು.

“ಮಾವಾ, ಭಾನುವಾರ ಹತ್ತು ಗಂಟೆಗೇ ಬಂದ್ಬಿಡಿ. ಮೊದ್ಲು ಅವ್ರನ್ನ ಕೇಳಿ. ಆಮೇಲೆ ನನ್ನೂ ಕೇಳಿ.”

ತಾಯಿಯವರಿಗೆ ಈ ಸಂಗತಿಯನ್ನು ಇನ್ನೂ ತಿಳಿಸಿರುವುದಿಲ್ಲ. ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವೇ ತಿದ್ದಿಕೊಡಬೇಕಾಗಿ ಕೈಮುಗಿದು ಕೋರುತ್ತೇನೆ.