ಪೂಜೆಗೆ ಕುಳಿತ ಹತ್ತು ನಂಬರ್ ಪಾನಾ

ನಟ್ಟು ತಿರುಗಿಸುವ ಪಾನಾ ಆರಿಸುವುದರಲ್ಲಿ ಅಂಥ ದೊಡ್ಡ ವಿದ್ಯೆ ಏನಿದೆ? ಕೈಯಲ್ಲಿ ಹಿಡಿದರೆ ಭಾರ ಅನಿಸಬೇಕು, ನೋಡಿದರೆ ಹೊಳೆಯಬೇಕು, ಮತ್ತು ಪಕ್ಕದ ಮನೆಯವರ ಡಬ್ಬಿಗಿಂತ ದೊಡ್ಡ ಡಬ್ಬಿಯಲ್ಲಿ ಬರಬೇಕು. ಈ ತತ್ವಗಳನ್ನು ನಾನು ಯಾರಿಂದಲೂ ಕಲಿತದ್ದಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನಿಗೆ ಸ್ವಂತ ಬುದ್ಧಿ ಇರುವುದಿಲ್ಲ ಎಂದು ಯಾರು ಹೇಳಿದರು?

ಪಕ್ಕದ ಮನೆಯವರು ಎಂದೆನಲ್ಲ, ಅವರು ನಾಸಿರ್ ಸಾಹೇಬರು. ಕುಷ್ಟಗಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಒಳ್ಳೆಯ ಮನುಷ್ಯ. ಅದೇ ತೊಂದರೆ! ಕೆಟ್ಟವರಾಗಿದ್ದರೆ ನಾಲ್ಕು ಜನರ ಮುಂದೆ ಬೈದು ಹಗುರಾಗಬಹುದಿತ್ತು. ಪ್ರತಿ ರವಿವಾರ ಬೆಳಿಗ್ಗೆ ಲುಂಗಿ ಮೇಲೆ ಕಟ್ಟಿಕೊಂಡು ಹೊರಗೆ ಬರುತ್ತಾರೆ, ಕಾರಿನ ಬಾನೆಟ್ ಎತ್ತುತ್ತಾರೆ, ಒಂದು ಸಣ್ಣ ಡಬ್ಬಿ ತೆರೆಯುತ್ತಾರೆ. ಒಳಗೆ ಪಾನಾಗಳು, ಸಾಕೆಟ್‌ಗಳು ಸಾಲಾಗಿ ಮಲಗಿರುತ್ತವೆ. ಒಂದು ಸಾಕೆಟ್ ತೆಗೆದು ಹಿಡಿಕೆಗೆ ಸಿಕ್ಕಿಸಿ ತಿರುಗಿಸಿದರೆ 'ಕಿರ್ರ್... ಕಿರ್ರ್...' ಎಂದು ಸದ್ದು. ಆ ಸದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು ನೇರವಾಗಿ ನನ್ನ ಹೊಟ್ಟೆಗೆ ಇಳಿಯುತ್ತದೆ.

"ನೋಡ್ರಿ, ನಾಸಿರ್ ಅಣ್ಣಾರು ತಾವ ಆಯಿಲ್ ಬದಲ್ ಮಾಡಾಕತ್ಯಾರ" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. "ನೀವು ಗಾಲಿಗೆ ಗಾಳಿ ಹಾಕ್ಸಾಕ ಹೋಗಿ ಮಧ್ಯಾಹ್ನಕ್ಕ ಮನಿಗೆ ಬಂದ್ರಿ."

"ಅಲ್ಲಿ ಗದ್ದಲ ಇತ್ತು."

"ಹೂಂ, ಚಹಾದ ಅಂಗಡ್ಯಾಗ ಇತ್ತು."

ಸುತ್ತಿಬಳಸಿ ಹೇಳುವುದೇಕೆ, ನನಗೆ ಹೊಟ್ಟೆಕಿಚ್ಚು. ನಮ್ಮಲ್ಲೂ ಒಂದು ಕಾರಿದೆ. ಹಳೆಯದು, ಬಿಳಿಯದು, ಎಲ್ಲಿಗೆ ಹೊರಟರೂ ಅರ್ಧ ದಾರಿಯಲ್ಲಿ ವಿಚಾರ ಮಾಡಲು ನಿಲ್ಲುತ್ತದೆ. ಆದ್ದರಿಂದ ಮದುವೆ, ಮುಂಜಿವೆ, ಆಸ್ಪತ್ರೆ ಎಲ್ಲದಕ್ಕೂ ಕೊನೆಗೆ ನಾಸಿರ್ ಸಾಹೇಬರ ಕಾರೇ ಗತಿ. ಈ ಸಲ ಮಾತ್ರ ಹಾಗಾಗಕೂಡದು ಎಂದು ನಾನು ಶಪಥ ಮಾಡಿದ್ದೆ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕರೆ ಹುಲಿಗೆಮ್ಮನ ಉಡಿ ತುಂಬುತ್ತೇನೆಂದು ಶಾಂತಾ ಹರಕೆ ಹೊತ್ತಿದ್ದಳು. ಸೀಟು ಸಿಕ್ಕಿತು, ಮಗಳು ಹಾಸ್ಟೆಲಿಗೆ ಹೋದಳು. ಮಹಾನವಮಿಯ ದಿನ ಹುಲಿಗಿಯ ಗುಡಿಗೆ ಹೋಗುವುದೆಂದು ನಿಶ್ಚಯವಾಯಿತು. ನಮ್ಮ ಕಾರಿನಲ್ಲಿ, ನಾನೇ ರಿಪೇರಿ ಮಾಡಿದ ಕಾರಿನಲ್ಲಿ, ನಾಸಿರ್ ಸಾಹೇಬರು ಗೇಟಿನಲ್ಲಿ ನಿಂತು ನೋಡುತ್ತಿರುವಾಗ!

ನಾನು ಪಾನಾ ಕೊಳ್ಳುವ ಸುದ್ದಿ ತಿಳಿದ ಸಾಹೇಬರು ಕೇಳದಿದ್ದರೂ ಸಲಹೆ ಕೊಟ್ಟರು. "ಸರ್ರ, ಪಾನಾ ತಗೊಳ್ಳೋ ಮುಂದ ಡಬ್ಬಿ ನೋಡಬ್ಯಾಡ್ರಿ, ಉಕ್ಕು ನೋಡ್ರಿ. ನಿಮ್ಮ ಗಾಡಿಗೆ ಹತ್ತು, ಹನ್ನೆರಡು, ಹದಿನಾಕು, ಹದಿನೇಳು, ಇಷ್ಟ ಇದ್ರ ಭಾಳ ಆತು. ಸಾಕೆಟ್ ಆರು ಮೂಲಿದು ತಗೋರಿ, ನಟ್ಟಿನ ಮೂಲಿ ಸವಿಯಂಗಿಲ್ಲ. ನಾ ಇವನ್ನೆಲ್ಲಾ ಒಂದೊಂದ ತಗೊಂಡು ಕೂಡ್ಸೀನಿ."

ನಾನು ತಲೆ ಆಡಿಸಿದೆ. ಆದರೆ ಮರ್ಮ ಗೊತ್ತಾಗದಷ್ಟು ದಡ್ಡನೇ ನಾನು? ನನ್ನದೂ ಸಣ್ಣ ಡಬ್ಬಿಯೇ ಆಗಲಿ ಎಂಬುದು ಅವರ ಹಂಚಿಕೆ!

ಮರುದಿನವೇ ಗಂಗಾವತಿಗೆ ಹೋದೆ. ಕಾರು ಕೈಕೊಟ್ಟೀತೆಂದು ಬಸ್ಸಿನಲ್ಲಿ ಹೋದೆ. ಅಂಗಡಿಯವನು ಮೊದಲು ಬಿಡಿ ಪಾನಾಗಳನ್ನು ತೋರಿಸಿದ. ನಾನು ಅವುಗಳ ಕಡೆ ನೋಡಲಿಲ್ಲ. ಮೇಲಿನ ಕಪಾಟಿನಲ್ಲಿ ಕೆಂಪು ಬಣ್ಣದ ಒಂದು ಪೆಟ್ಟಿಗೆ ಇತ್ತು. ಹಾರ್ಮೋನಿಯಂ ಎಂದು ಯಾರಾದರೂ ಭಜನೆಗೆ ಒಯ್ಯಬೇಕು, ಅಷ್ಟು ದೊಡ್ಡದು.

"ಅದರಾಗ ಏನೇನ್ ಬರ್ತಾವ?" ಎಂದೆ.

"ಏನ್ ಬರಂಗಿಲ್ಲ ಕೇಳ್ರಿ ಸರ್! ಇದರಾಗ ವಿಮಾನ ಸೈತ ಬಿಚ್ಚಬೌದು."

"ಮತ್ತ ಜೋಡಸಾಕ?"

"ಅದು ನಿಮ್ಮ ಕೈಗುಣ" ಎಂದ ಅವನು.

ಆರು ಮೂಲೆ, ಉಕ್ಕು, ಏನನ್ನೂ ಕೇಳಲಿಲ್ಲ. ಇಷ್ಟು ಅಗ್ಗಕ್ಕೆ ಇಷ್ಟು ಸಾಮಾನು ಕೊಡುವ ಅಂಗಡಿಯವನಿಗೆ ಪ್ರಶ್ನೆ ಕೇಳುವುದು ಕೃತಘ್ನತೆ ಅನಿಸಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕುಷ್ಟಗಿಯಲ್ಲಿ ಇಳಿಯುವಾಗ ಕಾಲುಗಳು ನನ್ನವಾಗಿರಲಿಲ್ಲ.

ಶಾಂತಾ ಮುಚ್ಚಳ ತೆಗೆದು ನೋಡಿದಳು. "ಇದರಾಗ ಅರ್ಧಕ್ಕರ್ಧ ಸ್ಕ್ರೂಡ್ರೈವರಿನ ಮೂತಿ ಅದಾವಲ್ರಿ!"

"ಬೇಕಾಗ್ತಾವ."

"ಯಾವಾಗ?"

"ಬೇಕಾದಾಗ!"

ಸಂಜೆ ನಾಸಿರ್ ಸಾಹೇಬರೂ ಬಂದು ನೋಡಿದರು. "ಭಾಳ ದೊಡ್ಡದು ತಂದ್ರಿ ಸರ್ರ, ಛಲೋ ಆತು" ಎಂದು ಮನಸಾರೆ ಖುಷಿಪಟ್ಟು ಹೋದರು. ನನಗೆ ರಾತ್ರಿ ಊಟ ಸೇರಲಿಲ್ಲ. ಹೊಟ್ಟೆಕಿಚ್ಚಿನ ಅರ್ಧ ಸುಖ ಇರುವುದು ಅದನ್ನು ಎದುರಿನವರಿಗೂ ಹತ್ತಿಸುವುದರಲ್ಲಿ. ಈ ಮನುಷ್ಯನಿಗೆ ಅದು ಹತ್ತುವುದೇ ಇಲ್ಲವಲ್ಲ! ಎರಡೂ ಡಬ್ಬಿಗಳು ಅಕ್ಕಪಕ್ಕ ಇದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ ಎಂದು ಹೊಳೆದದ್ದು ಆಗಲೇ. ಮಹಾನವಮಿಗೆ ಆಯುಧ ಪೂಜೆ ಇದ್ದೇ ಇದೆ. ಓಣಿಯವರೆಲ್ಲ ಆರತಿಗೆ ಬರುತ್ತಾರೆ.

ಹಬ್ಬದ ಹಿಂದಿನ ದಿನ ಬೇಲಿಯ ಮೇಲಿಂದ ಬಗ್ಗಿ, "ಸಾಹೇಬ್ರ, ನಿಮ್ಮ ಪಾನಾನೂ ನಮ್ಮ ಪೂಜಾಕ ಇಡೂಣು ಕೊಡ್ರಿ. ದುಡಿಯೋ ಸಾಮಾನ ಅವು" ಎಂದೆ.

ಅವರ ಮುಖ ಅರಳಿತು. ಡಬ್ಬಿಯನ್ನು ತಾವೇ ಒರೆಸಿ ತಂದುಕೊಟ್ಟರು. "ಎಷ್ಟ ದೊಡ್ಡ ಮನಸ್ಸು ನಿಮ್ಮದು" ಎಂದರು. ನಾನು ವಿನಯದಿಂದ ಕೆಳಗೆ ನೋಡಿದೆ.

ಅದೇ ಸಂಜೆ ಕಾರಿನ ಕೆಲಸ ಆರಂಭಿಸಿದೆ. ದೊಡ್ಡ ರಿಪೇರಿಗೆ ಕೈ ಹಾಕುವ ಮೊದಲು ಬ್ಯಾಟರಿಯಿಂದ ಶುರು ಮಾಡೋಣ ಎಂದುಕೊಂಡೆ. ಹತ್ತು ನಂಬರ್ ಸಾಕೆಟ್ ಹಾಕಿ ತಿರುಗಿಸಿದರೆ ಅದು ನಟ್ಟಿನ ಮೇಲೆ ಜಾರಿ ಗರಗರ ಸುತ್ತಿತು. ಹತ್ತು ನಂಬರಿನ ಪಾನಾದಿಂದ ಹೇಗೋ ಸಡಿಲಿಸಿ, ತಂತಿಯ ತುದಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ದೇವರ ಮನೆಯ ತಂಬಿಗೆಯಂತೆ ಮಾಡಿದೆ. ಅಷ್ಟರಲ್ಲಿ ಕತ್ತಲಾಯಿತು. ತುದಿಗಳನ್ನು ಕೂರಿಸಿ, ಒಂದರ ನಟ್ಟು ಬಿಗಿದು, ಇನ್ನೊಂದನ್ನು ಬೆಳಿಗ್ಗೆ ಬಿಗಿ ಮಾಡಿದರಾಯಿತೆಂದು ಬಾನೆಟ್ ಮುಚ್ಚಿದೆ.

ಬೆಳಿಗ್ಗೆ ಪೂಜೆಯ ಸಂಭ್ರಮದಲ್ಲಿ ಅದು ಪೂರ್ತಿ ಮರೆತುಹೋಯಿತು! ಮಣೆಯ ಮೇಲೆ ನನ್ನ ಕೆಂಪು ಪೆಟ್ಟಿಗೆ, ಪಕ್ಕದಲ್ಲಿ ಸಾಹೇಬರ ಸಣ್ಣ ಡಬ್ಬಿ, ಸುತ್ತ ಕುಡುಗೋಲು, ಕೊಡಲಿ, ಇಳಿಗೆ, ಕತ್ತರಿ, ಇಕ್ಕಳ. ಮನೆಯ ಕಬ್ಬಿಣವೆಲ್ಲ ದೇವರಾಗಿ ಕುಳಿತಿತ್ತು. ವಿಭೂತಿ, ಕುಂಕುಮ, ಚೆಂಡುಹೂವು. ಓಣಿಯ ಹೆಂಗಸರು ಬಂದರು, ನೋಡಿದರು.

"ಈ ಸಣ್ಣ ಡಬ್ಬಿ ಎಷ್ಟ ಚಂದ ಐತಿ!" ಎಂದಳು ಒಬ್ಬಳು.

"ಹೌದವ್ವಾ, ಬೆಳ್ಳಿ ಸಾಮಾನ ಕಂಡಂಗ ಕಾಣ್ತಾವ" ಎಂದಳು ಇನ್ನೊಬ್ಬಳು. "ಈ ಕೆಂಪಂದು ಏನ್ರಿ ಮಾಸ್ತರ, ಹಾರ್ಮೋನಿಯಂ?"

ನಾನು ಆರತಿ ತಟ್ಟೆ ಎತ್ತಿಕೊಂಡು ಹೊರಗೆ ನಡೆದೆ. ಕಾರಿಗೂ ಪೂಜೆಯಾಯಿತು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಶಾಂತಾ ಹೊಸ ಇಳಕಲ್ ಸೀರೆ ಉಟ್ಟು, ಉಡಿಯ ಸಾಮಾನಿನ ಬುಟ್ಟಿ ಹಿಡಿದು ಹಿಂದೆ ಕುಳಿತಳು. ಅವಳ ಅಕ್ಕ ಇರಕಲ್ಲಗಡದಿಂದ ಆಗಲೇ ಹುಲಿಗಿ ಮುಟ್ಟಿ ಫೋನು ಮಾಡುತ್ತಿದ್ದಳು. ಗೇಟಿನಲ್ಲಿ ನಾಸಿರ್ ಸಾಹೇಬರು, ಅವರ ಬೇಗಂ ಇಬ್ಬರೂ ನಿಂತಿದ್ದರು. ನಾನು ಬಯಸಿದ ಗಳಿಗೆ ಅದು. ಕೀಲಿ ತಿರುಗಿಸಿದೆ.

'ಟಕ್.'

ಮತ್ತೆ ತಿರುಗಿಸಿದೆ. ಆ 'ಟಕ್' ಕೂಡ ಬರಲಿಲ್ಲ! ಆಗ ನೆನಪಾಯಿತು. ಬಿಗಿ ಮಾಡಬೇಕಾದದ್ದು ಒಂದೇ ನಟ್ಟು. ಒಳಗೆ ಓಡಿ ಕೆಂಪು ಪೆಟ್ಟಿಗೆಗೆ ಕೈ ಹಾಕಿದೆ. ಹಿಂದೆಯೇ ಶಾಂತಾ ಬಂದಳು.

"ಮುಟ್ಟಬ್ಯಾಡ್ರಿ! ಪೂಜಾಕ ಕುಂದ್ರಿಸಿದ್ದು ನಾಳೆ ಬನ್ನಿ ಮುಡಿಯೋತನಕ ಅಲುಗ್ಸಂಗಿಲ್ಲ."

"ಒಂದ ಪಾನಾ, ಶಾಂತಾ. ಹತ್ತು ನಂಬರಿಂದು. ತಿರುಗ್ಸಿ ಮತ್ತ ಇಡ್ತೀನಿ."

"ದೇವಿ ಉಡಿ ತುಂಬಾಕ ಹೊಂಟೀವಿ, ದೇವ್ರ ಮುಂದಿಂದ ಕಿತ್ಕೊಂಡ ಹೋಗ್ತೀರೇನು?"

ಅಷ್ಟರಲ್ಲಿ ನಾಸಿರ್ ಸಾಹೇಬರು ಬಂದು, "ಏನಾತ್ರಿ? ಹತ್ತು ನಂಬರೇನು? ತಡೀರಿ, ನನ್ನ ಡಬ್ಬಿ..." ಎಂದು ಅಲ್ಲಿಯೇ ನಿಂತರು. ಅವರ ಡಬ್ಬಿ ನನ್ನ ಮನೆಯ ಮಣೆಯ ಮೇಲೆ ಹೂವು ಮುಡಿದು ಕುಳಿತಿತ್ತು. ಅವತ್ತು ಇಡೀ ಓಣಿಯಲ್ಲಿ ಪೂಜೆಗೆ ಕೂರದೆ ಉಳಿಯಬಹುದಾಗಿದ್ದ ಪಾನಾ ಅಂದರೆ ಅವರದೊಂದೇ. ಅದನ್ನೂ ನಾನೇ ಬೇಡಿ ತಂದು ಕೂರಿಸಿದ್ದೆ!

"ನಿಮ್ಮದರ ತಗೊಂಡ್ರ ನಡೀತೈತಲ್ಲ?" ಎಂದೆ ಆಸೆಯಿಂದ.

"ಬ್ಯಾಡ್ರಿ ಸರ್ರ, ದೇವ್ರ ಮುಂದ ಇಟ್ಟದ್ದು. ಅಕ್ಕಾರ ಹೇಳೋದು ಖರೇ ಐತಿ."

ಗ್ಯಾರೇಜುಗಳೆಲ್ಲ ಬಾಗಿಲು ಹಾಕಿ ಪೂಜೆಯಲ್ಲಿದ್ದವು. ನಾನು ನಟ್ಟನ್ನು ಬೆರಳಿನಿಂದ ತಿರುಗಿಸಿದೆ. ಬಟ್ಟೆ ಸುತ್ತಿ ತಿರುಗಿಸಿದೆ. ಕೊನೆಗೆ ಕಬ್ಬಿಣವಲ್ಲದ ಆಯುಧ ಒಂದು ಕಂಡಿತು. ಬಾಗಿಲಿನ ಬಳಿ ಬಿದ್ದಿದ್ದ ಕಲ್ಲು! ತಂತಿಯ ತುದಿಯನ್ನು ಮೆಲ್ಲಗೆ ಬಡಿದು ಕೂರಿಸಿದರಾಯಿತು ಎಂದು ಒಂದು ಏಟು ಹಾಕಿದೆ. ಅದು ಸೀಸದ್ದಂತೆ, ಮೆತ್ತಗಿರುತ್ತದಂತೆ. ಎರಡು ತುಂಡಾಗಿ ಕೈಗೆ ಬಂದ ಮೇಲೆ ಸಾಹೇಬರು ಹೇಳಿದರು.

ಶಾಂತಾ ಬುಟ್ಟಿ ಎತ್ತಿಕೊಂಡು ನಾಸಿರ್ ಸಾಹೇಬರ ಕಾರಿನ ಕಡೆ ನಡೆದಳು. ಅವರ ಬೇಗಂ ಆಗಲೇ ಬಾಗಿಲು ತೆರೆದಿದ್ದರು.

ಹುಲಿಗಿಯವರೆಗೂ ನಾನು ಮುಂದಿನ ಸೀಟಿನಲ್ಲಿ ಕಿವಿ ಚುರುಕು ಮಾಡಿಕೊಂಡು ಕುಳಿತಿದ್ದೆ. ಒಂದು ಕಟಕಟ, ಒಂದು ಕಿರುಗುಟ್ಟುವಿಕೆ, ಏನಾದರೂ ಕೇಳಲಿ ಎಂದು. ಏನೂ ಇಲ್ಲ! ಹಿಂದೆ ಹೆಂಗಸರಿಬ್ಬರು ನಗುತ್ತಾ ಶೇಂಗಾ ಹೋಳಿಗೆ ತಿನ್ನುತ್ತಿದ್ದರು. ಸಾಹೇಬರು ಹಾಡು ಗುನುಗುತ್ತಿದ್ದರು. ಒಳಗೇ ಬೆಂದುಹೋದೆ.

ಗುಡಿಯಲ್ಲಿ ಶಾಂತಾ ಅಕ್ಕನೊಡನೆ ಉಡಿ ತುಂಬಿದಳು. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಮಗಳ ಓದು, ಮನೆಯವರ ಆರೋಗ್ಯ ಬೇಡಬೇಕಿತ್ತು. ಮನಸ್ಸಿನಿಂದ ಬಂದದ್ದು ಬೇರೆ: 'ತಾಯಿ, ಅವರ ಕಾರಿನದೂ ಒಂದು ನಟ್ಟು ಸಡಿಲಾಗಲಿ. ದೊಡ್ಡದು ಬೇಡ, ಸಣ್ಣದಾದರೂ ಸಾಕು.' ಬೇಡಿಕೊಂಡ ಮೇಲೆ ಎಷ್ಟು ಹಗುರಾಯಿತು!

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ತಲೆಗೆ ಹೊಳೆಯಿತು. ವಾಪಸು ಹೋಗುವುದೂ ಅದೇ ಕಾರಿನಲ್ಲಿ!

ಚಪ್ಪಲಿ ಬಿಟ್ಟು ಓಡಿದೆ. "ಎಲ್ಲಿಗ್ರಿ?" ಎಂದು ಶಾಂತಾ ಕೂಗಿದಳು. "ಒಂದು ಬೇಡ್ಕೊಳ್ಳೋದು ಉಳದೈತಿ" ಎಂದು ಮತ್ತೆ ಸಾಲಿನ ತುದಿಗೆ ನಿಂತೆ. ಬಿಸಿಲು ನೆತ್ತಿಗೆ ಬಂದಿತ್ತು. ಬೆವರಿನಲ್ಲಿ ತೊಯ್ದು ಒಳಗೆ ಹೋಗಿ, ಮೊದಲು ಕೊಟ್ಟ ಅರ್ಜಿಯನ್ನು ಕೈ ಮುಗಿದು ವಾಪಸು ಪಡೆದೆ.

"ಎರಡೆರಡು ಸಲ ಅಂಥಾದ್ದೇನ್ ಬೇಡ್ಕೊಂಡ್ರಿ?" ಎಂದಳು ಶಾಂತಾ.

"ನಾಸಿರ್ ಸಾಹೇಬರ ಕಾರಿಗೆ ಏನೂ ಆಗದಿರ್ಲಿ ಅಂತ."

ಅವಳ ಕಣ್ಣಲ್ಲಿ ನೀರು ಬಂತು. "ನಿಮ್ಮ ಬಾಯಾಗ ಇಂಥಾ ಮಾತು ಇವತ್ತ ಕೇಳಿದ್ನಿ ನೋಡ್ರಿ" ಎಂದಳು. ಸಾಹೇಬರು ನನ್ನನ್ನು ಅಪ್ಪಿಕೊಂಡರು.

ನಾನು ಹೇಳಿದ್ದು ಸುಳ್ಳಲ್ಲ. ಕುಷ್ಟಗಿ ಮುಟ್ಟುವವರೆಗೂ ಅದನ್ನೇ ಜಪಿಸಿದೆ. ಮುಟ್ಟಿದ ಮೇಲಿನದನ್ನು ತಾಯಿಗೇ ಬಿಟ್ಟಿದ್ದೇನೆ!