ಅಥೆನ್ಸಿನಲ್ಲಿ ಬಾಡಿಗೆಗಿದ್ದು

ಇನ್ನೊಬ್ಬರ ದನಿಯಲ್ಲಿ ಮಾತಾಡುವ ಚಟ ಬೀಡಿಗಿಂತ ಕೆಟ್ಟದ್ದು. ಬೀಡಿ ಬಿಡಿಸಲು ಡಾಕ್ಟರುಗಳಾದರೂ ಇದ್ದಾರೆ. ಇದನ್ನು ಬಿಡಿಸುವವರಿಲ್ಲ, ಕಂಡಕಂಡಲ್ಲಿ ತಡೆದು 'ಒಂದ್ಸಲ ಅವರ ಹಾಗೆ ಮಾಡು' ಎಂದು ಕೇಳುವವರೇ ಎಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಸಾರುವ ಹೆಂಗಸಿನಿಂದ ಹಿಡಿದು, ತೀರಿಹೋದ ಅಪ್ಪನ ಕೆಮ್ಮಿನವರೆಗೆ ನನಗೆ ಎಲ್ಲವೂ ಬರುತ್ತದೆ. ಕೆಮ್ಮನ್ನು ಮಾತ್ರ ಮನೆಯಲ್ಲಿ ಮಾಡುವುದಿಲ್ಲ.

ಹೊಟ್ಟೆಪಾಡಿಗೆ ಕಲ್ಯಾಣದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಅಥೆನ್ಸನ್ನೂ ಸ್ಪಾರ್ಟಾವನ್ನೂ ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಬಂದಾಗ ನನಗೆ ಪುಸ್ತಕ ಬೇಕಾಗುತ್ತಿರಲಿಲ್ಲ, ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯೇ ಸಾಕಿತ್ತು. ಒಂದೇ ಅಂಗಳಕ್ಕೆ ಎರಡು ಕಟ್ಟಡ, ಎರಡು ವಿಂಗ್. ನಾವಿದ್ದ ಎ ವಿಂಗ್ ಅಥೆನ್ಸ್. ಸೆಕ್ರೆಟರಿ ರಾವ್ ಮಾಮ ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಮಾತಿಗೆ ನಿಂತರೆ ಫ್ಯಾನು ಕೂಡ ನಿಧಾನವಾಗುತ್ತಿತ್ತು. ಅಲ್ಲಿ ಎಲ್ಲವೂ ಮೀಟಿಂಗಿನಲ್ಲೇ ತೀರ್ಮಾನ. ಟೆರೇಸಿನ ಬಾಗಿಲಿಗೆ ಹಸಿರು ಬಣ್ಣವೋ ಕಂದು ಬಣ್ಣವೋ ಎಂದು ಕೈ ಎತ್ತಿಸಿ ಎಣಿಸುತ್ತ ಎಣಿಸುತ್ತ ಬಾಗಿಲೇ ಗೆದ್ದಲು ಹಿಡಿದುಹೋಯಿತು.

ಬಿ ವಿಂಗ್ ಸ್ಪಾರ್ಟಾ. ಅದನ್ನು ಆಳುತ್ತಿದ್ದವರು ಮಿಲಿಟರಿಯಿಂದ ಬಂದ ವಿಜಾಪುರದ ಸುಭೇದಾರ್ ಪಾಟೀಲರು. ಅವರು ಸೀಟಿ ಊದಿದರೆ ನೀರು, ಇನ್ನೊಮ್ಮೆ ಊದಿದರೆ ನೀರು ಬಂದ್. ಕಾಲಿದ್ದವರಿಗೆ ಲಿಫ್ಟ್ ಯಾಕೆ ಎಂದು ಅದಕ್ಕೆ ಬೀಗ ಜಡಿದಿದ್ದರು. ಸ್ಪಾರ್ಟಾದಲ್ಲಿ ಬಲವಿಲ್ಲದ ಮಗುವನ್ನು ಬೆಟ್ಟದಿಂದ ಕೆಳಗೆ ಹಾಕುತ್ತಿದ್ದರಂತೆ. ಇಲ್ಲಿ ಬಲವಿಲ್ಲದವರು ಮೇಲೆಯೇ ಉಳಿದರು. ನಾಲ್ಕನೇ ಮಹಡಿಯ ಗೋದಾವರಿ ಅಜ್ಜಿ ಮಂಡಿನೋವು ಹಿಡಿದ ಮೇಲೆ ಕೆಳಗಿಳಿದದ್ದು ಒಂದೇ ಸಲ, ನಾಲ್ವರ ಹೆಗಲ ಮೇಲೆ. ಅವತ್ತೂ ಲಿಫ್ಟ್ ತೆರೆಯಲಿಲ್ಲ. ಎ ವಿಂಗಿನವರು ಸುಭೇದಾರರ ಬೆನ್ನ ಹಿಂದೆ ನಗುತ್ತಿದ್ದರು, ಅಂಗಳದಲ್ಲಿ ಎದುರಾದರೆ ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದರು.

ಈ ಇಬ್ಬರ ದನಿಯಲ್ಲಿ ನಾನು ಪಾಠ ಮಾಡಿದರೆ ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಒಬ್ಬಳು ಕೇಳಿಯೂ ಬಿಟ್ಟಳು: "ಸರ್, ಆಪ್ ಕಿಧರ್ ರೆಹತೇ ಹೋ, ಅಥೆನ್ಸ್ ಮೇ ಯಾ ಸ್ಪಾರ್ಟಾ ಮೇ?" ಅಥೆನ್ಸಿನಲ್ಲಿ ಎಂದು ಎದೆಯುಬ್ಬಿಸಿ ಹೇಳಿದೆ. ಮುಂದಿನ ಪುಟದಲ್ಲಿ, ಆ ಊರಲ್ಲೇ ಬಾಳಿ, ದುಡಿದು, ತೆರಿಗೆ ಕೊಟ್ಟರೂ ಸಭೆಯಲ್ಲಿ ಬಾಯಿಲ್ಲದ ಪರವೂರಿನವರ ಬಗ್ಗೆ ಒಂದು ಪ್ಯಾರಾ ಇತ್ತು. ಅದನ್ನು ಬೇಗ ತಿರುವಿಹಾಕಿದೆ. ನಾವು ಬಾಡಿಗೆಯವರು.

ಬಾಯಿ ಬೇಕಾಗಿದ್ದು ನಮ್ಮ ಅಡುಗೆಮನೆಯ ಕಂಬ ಬಿರುಕು ಬಿಟ್ಟಾಗ. ಅಮ್ಮ ಮೊದಲು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು. ಮಳೆಗಾಲ ಹಿಡಿಯುವಷ್ಟರಲ್ಲಿ ಬಿರುಕು ಕ್ಯಾಲೆಂಡರಿನ ಕೆಳಗಿಂದ ಇಣುಕಿತು. ಘಣಸೋಲಿಯಲ್ಲಿದ್ದ ಮನೆಯ ಮಾಲೀಕರು ಫೋನಿನಲ್ಲೇ ನೋಡಿದವರಂತೆ, ಪೇಂಟ್ ಹೊಡೆಸಿ ಎಂದರು. ಹಾಗಾಗಿ ಎ ವಿಂಗಿನ ಮೀಟಿಂಗಿಗೆ ಹೋದೆ. ಅಲ್ಲಿ ಬಾಡಿಗೆಯವರು ಕುರ್ಚಿ ಹಾಕಬಹುದು, ಚಹಾ ಹಂಚಬಹುದು, ಗೋಡೆಗೊರಗಿ ಕೇಳಬಹುದು.

"ನೀನು ಮಾತಾಡುವ ಹಾಗಿಲ್ಲ ಮಾರಾಯ, ರೂಲ್ಸ್ ಉಂಟು," ಎಂದರು ರಾವ್ ಮಾಮ, ಪ್ರೀತಿಯಿಂದಲೇ. "ಆದ್ರೆ ಎಲ್ಲರಿಗೂ ಬೋರಾಗಿದೆ. ಒಂದು ಸುಭೇದಾರ್ ಮಾಡು ನೋಡುವ."

ಮಾಡಿದೆ. ಸಭೆ ಹೊಟ್ಟೆ ಹಿಡಿದುಕೊಂಡಿತು. ಆ ನಗು ಇಳಿಯುವ ಮೊದಲೇ, ಈಗಲ್ಲದಿದ್ದರೆ ಇನ್ನಿಲ್ಲ ಎಂದುಕೊಂಡು, ನನ್ನದೇ ದನಿಯಲ್ಲಿ, ನಮ್ಮ ಅಡುಗೆಮನೆ ಕಂಬ ಒಡೆದಿದೆ, ದಯವಿಟ್ಟು ಬಂದು ನೋಡಿ ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ರಾವ್ ಮಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಕೇಳಿದರು: "ಇದು ಯಾರ್ದು ಮಾರಾಯ? ಭಾರೀ ಲಾಯ್ಕುಂಟು."

ಸ್ಪಾರ್ಟಾದ ಕಾಲು ಹಿಡಿದೆ. ಸುಭೇದಾರರು ಮಾತಿಲ್ಲದೆ ಬಂದು, ಕ್ಯಾಲೆಂಡರ್ ಸರಿಸಿ, ಬಿರುಕಿನೊಳಗೆ ಬೆರಳಿಟ್ಟು ನೋಡಿದರು. "ಇದು ನಿಲ್ಲೂದಿಲ್ಲ ತಮ್ಮಾ. ನನ್ನ ವಿಂಗ್ ಆಗಿದ್ರ ಇವತ್ತ ಎಲ್ಲಾರ್ನೂ ಹೊರಗ ಹಾಕ್ತಿದ್ದೆ," ಎಂದರು. ಆಮೇಲೆ ಬೆರಳು ಒರೆಸಿಕೊಂಡು, "ನನ್ನ ವಿಂಗ್ ಅಲ್ಲ," ಎಂದು ಗಡಿ ದಾಟಿ ಹೊರಟುಹೋದರು.

ಕಂಬ ಯಾರ ತೀರ್ಮಾನಕ್ಕೂ ಕಾಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಕಾಂಕ್ರೀಟಿನ ಚಕ್ಕೆಯೊಂದು ಅವಳ ಪಾದದ ಮೇಲೆ ಬಿತ್ತು. ಗೋಡೆಯೊಳಗೆ ಯಾರೋ ಕಬ್ಬು ಮುರಿಯುತ್ತಿರುವ ಹಾಗೆ ಸದ್ದು. ಅಮ್ಮನನ್ನು ಹೊತ್ತು ಮೆಟ್ಟಿಲಿಗೆ ತಂದು, ಬಿಲ್ಡಿಂಗ್ ಬೀಳ್ತಿದೆ, ಹೊರಗೆ ಬನ್ನಿ ಎಂದು ಕೂಗಿದೆ. ಮೇಲಿನ ಮಹಡಿಯಿಂದ ಯಾರೋ, ಇವತ್ತು ಯಾರ ನಕಲು ಎಂದು ಹಿಂದಿಯಲ್ಲಿ ಕೇಳಿ ನಕ್ಕರು. ಒಂದು ಬಾಗಿಲೂ ತೆರೆಯಲಿಲ್ಲ.

ಆಗ ಎದೆ ತುಂಬ ಉಸಿರೆಳೆದು ಸುಭೇದಾರರಾದೆ. "ಎ ವಿಂಗ್, ಖಾಲೀ ಕರೋ. ಚಪ್ಪಲ್ ನಹೀ, ಸಾಮಾನ್ ನಹೀ. ಚಲೋ."

ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಬಣ್ಣದ ಬಗ್ಗೆ ವರ್ಷಗಟ್ಟಲೆ ಒಪ್ಪದ ಜನ ಬರಿಗಾಲಲ್ಲಿ, ಸಾಲಾಗಿ, ಒಂದೂ ಪ್ರಶ್ನೆ ಕೇಳದೆ ಇಳಿದರು. ರಾವ್ ಮಾಮರ ಒಂದು ಕೆನ್ನೆಯಲ್ಲಿ ಇನ್ನೂ ಸೋಪಿನ ನೊರೆಯಿತ್ತು. ಕೊನೆಯವರು ಗೇಟು ದಾಟುತ್ತಿದ್ದಂತೆ ನಮ್ಮ ಅಡುಗೆಮನೆ ಅದರ ಮೇಲಿನ ಅಡುಗೆಮನೆಗಳನ್ನೂ ಕರೆದುಕೊಂಡು ನೆಲಕ್ಕಿಳಿಯಿತು.

ಮುಂದಿನ ಮೀಟಿಂಗ್ ಪಕ್ಕದ ಶಾಲೆಯ ವರಾಂಡದಲ್ಲಿ ನಡೆಯಿತು. ಸಮಯಕ್ಕೆ ಸರಿಯಾಗಿ ಎಚ್ಚರಿಸಿ ಜೀವ ಉಳಿಸಿದ ಸುಭೇದಾರ್ ಪಾಟೀಲರಿಗೆ ಧನ್ಯವಾದದ ಠರಾವು ಸರ್ವಾನುಮತದಿಂದ ಪಾಸಾಯಿತು. ಎ ವಿಂಗಿನ ಇತಿಹಾಸದಲ್ಲಿ ಸರ್ವಾನುಮತ ಬಂದದ್ದು ಅದೊಂದೇ ಸಲ. ಸುಭೇದಾರರು ಚಹಾ ಹಂಚುತ್ತಿದ್ದ ನನ್ನ ಕಡೆ ಒಮ್ಮೆ ನೋಡಿ, ಹಾರಕ್ಕೆ ಕುತ್ತಿಗೆ ಬಗ್ಗಿಸಿದರು. ಮಾಲೀಕರಿಗೆಲ್ಲ ಅದೇ ಜಾಗದಲ್ಲಿ ಹೊಸ ಮನೆ ಸಿಗುತ್ತದೆ ಎಂದಾಯಿತು. ಬಾಡಿಗೆಯವರ ಹೆಸರು ಬರಲಿಲ್ಲ.

ನಾವು ಕಲ್ಯಾಣಕ್ಕಿಂತ ಆಚೆಯ ಟಿಟ್ವಾಳಾಕ್ಕೆ ಬಂದೆವು. ಪಾದದಲ್ಲಿ ರಾಡ್ ಹಾಕಿಸಿಕೊಂಡ ಅಮ್ಮ ಹೊಸ ಅಡುಗೆಮನೆಗೆ ಹೋದಾಗಲೆಲ್ಲ ಮೊದಲು ಕಂಬಗಳನ್ನು ನೋಡುತ್ತಾಳೆ. ಮೊನ್ನೆ ಸಂಜೆ ಅವಳು ಕಾಲು ಚಾಚಿ ನನಗೆ ಬೆನ್ನು ಮಾಡಿ ಕೂತಿದ್ದಾಗ, ತುಂಬಾ ನೋಯುತ್ತಾ ಅಮ್ಮಾ ಎಂದು ಕೇಳಿದೆ. ಅವಳು ತಲೆಯೆತ್ತಿದಳು.

"ಇದು ಯಾರ ದನಿ ಮಗಾ? ಎಲ್ಲೋ ಕೇಳಿದ ಹಾಗೆ ಉಂಟು."

ನಮ್ಮ ಹಳೇ ಬಿಲ್ಡಿಂಗಿನ ಬಾಡಿಗೆಯವನೊಬ್ಬನದು ಎಂದೆ. ಎಷ್ಟೋ ದಿನದ ಮೇಲೆ ಅಮ್ಮ ನಕ್ಕಳು. ಲಾಯ್ಕಾಗಿದೆ, ಇನ್ನೊಮ್ಮೆ ಮಾಡು ಎಂದಳು. ಗಂಟಲು ಸರಿಮಾಡಿಕೊಂಡು ಪ್ರಯತ್ನಿಸಿದೆ. ಬಂದದ್ದು ಅಪ್ಪನ ಕೆಮ್ಮು.